ತಂಬೂರಿಯ ಹಿಂದೆ ಕಳೆದ ರಜೆ

ಮದರಾಸು ಚೆನ್ನೈ ಆಗಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ನಮ್ಮ ಶಾಲೆಯ ಪುಸ್ತಕದಲ್ಲಿ ಚೆನ್ನೈ, ಅಪ್ಪನ ಬಾಯಲ್ಲಿ ಮಾತ್ರ ಮದ್ರಾಸೇ. ಊರಿಂದ ಫೋನು ಬಂದರೆ ಪಕ್ಕದ ಮನೆಗೆ ಓಡಬೇಕಾಗಿದ್ದ, ಕರೆಂಟು ಹೋದರೆ ಬೀದಿಯವರೆಲ್ಲ ಹೊರಗೆ ಬಂದು ಜಗಲಿಯಲ್ಲಿ ಕೂತು ಹರಟುತ್ತಿದ್ದ ದಿನಗಳವು. ಅರ್ಧವಾರ್ಷಿಕ ಪರೀಕ್ಷೆ ಮುಗಿದು ಡಿಸೆಂಬರ್ ರಜೆ ಬಂತೆಂದರೆ ತಾಂಬರಂನ ನಮ್ಮ ಬೀದಿಯಲ್ಲಿ ಮಕ್ಕಳ ರಾಜ್ಯ. ಸೀಮೆಸುಣ್ಣದಲ್ಲಿ ಮನೆ ಬರೆದು ಕುಂಟೆಬಿಲ್ಲೆ ಆಡುವವರು ಒಂದು ಕಡೆ, ಗೋಲಿ ಆಡುವವರು ಇನ್ನೊಂದು ಕಡೆ. ನಾನೊಬ್ಬಳು ಮಾತ್ರ ಮಧ್ಯಾಹ್ನದ ಬಿಸಿಲಿಗೇ ಮುಖ ತೊಳೆದು, ರೇಷ್ಮೆ ಲಂಗ ಉಟ್ಟು, ಕಣ್ಣು ಮೇಲೆಳೆಯುವಷ್ಟು ಬಿಗಿಯಾಗಿ ಜಡೆ ಹೆಣೆಸಿಕೊಂಡು, ಬಲಿಗೆ ಹೊರಟ ಕುರಿಯ ಹಾಗೆ ಅಪ್ಪನ ಹಿಂದೆ ರೈಲ್ವೆ ಸ್ಟೇಷನ್ನಿಗೆ ಹೊರಡುತ್ತಿದ್ದೆ.

ಕಾರಣ, ಸಭಾ. ಅಪ್ಪ ರೈಲ್ವೆ ಆಫೀಸಿನಲ್ಲಿ ಗುಮಾಸ್ತರು. ಆಫೀಸು ಬಿಟ್ಟ ಮೇಲೆ ಒಂದು ಪುಟ್ಟ ಕನ್ನಡ ಸಂಗೀತ ಸಭಾದ ಕಾರ್ಯದರ್ಶಿ. ರೈಲ್ವೆ, ಬ್ಯಾಂಕು, ವಿಮೆ ಅಂತ ಕೆಲಸಕ್ಕೆ ಬಂದು ಮದರಾಸಿನಲ್ಲೇ ಬೇರು ಬಿಟ್ಟ ಕೆಲವು ಕನ್ನಡದ ಮನೆಗಳು ಸೇರಿ ಅದನ್ನು ನಡೆಸುತ್ತಿದ್ದವು. ಯಾರಿಗೂ ಸಂಬಳವಿಲ್ಲ, ಕೇಳುವವರಿಗೆ ಟಿಕೆಟ್ ಇಲ್ಲ. ಮಾಂಬಲಂನ ಒಂದು ಶಾಲೆಯ ಮಹಡಿ ಹಾಲ್‌ನಲ್ಲಿ ಜಮಖಾನೆ ಹಾಸುವುದರಿಂದ ಹಿಡಿದು ಕೊನೆಗೆ ಅದನ್ನು ಕೊಡವಿ ಸುತ್ತಿಡುವವರೆಗೆ ಎಲ್ಲ ನಮ್ಮವರದೇ ಕೈಕೆಲಸ. ಬೇರೆ ತಿಂಗಳು ಒಂದೊಂದು ಕಚೇರಿ. ಡಿಸೆಂಬರ್ ಬಂತೆಂದರೆ ಊರಿಗೆ ಊರೇ ಸಂಗೀತದ ಸೀಸನ್ನಿನಲ್ಲಿ ಮುಳುಗುತ್ತಿತ್ತಲ್ಲ, ಆಗ ಅಪ್ಪ ವರ್ಷದ ರಜೆಯನ್ನೆಲ್ಲ ಒಟ್ಟಿಗೆ ಹಾಕುತ್ತಿದ್ದರು, ನಮ್ಮದೂ ಹೊಸ ವರ್ಷದವರೆಗೆ ದಿನಾ ಒಂದು. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತು ಅಂತ ಅಮ್ಮನೇ ನಗುತ್ತಿದ್ದಳು.

ಬಡ ಸಭಾಕ್ಕೆ ತಂಬೂರಿ ಎಲ್ಲಿಂದ ಬರಬೇಕು? ಅಮ್ಮನ ತಂಬೂರಿ ಇತ್ತು. ನಂಜನಗೂಡಿನಿಂದ ಮದುವೆಯಾಗಿ ಬಂದಾಗ ತವರಿನವರು ಜೊತೆಗೆ ಕಳಿಸಿಕೊಟ್ಟದ್ದು. ಅದು ಸಭಾದ ತಂಬೂರಿಯಾಯಿತು. ಮೀಟುವವರು ಯಾರು? ಮನೆಯಲ್ಲಿ ಬಿಟ್ಟಿ ಸಿಗುವ ಹುಡುಗಿ ನಾನಿದ್ದೆ. ಹೀಗೆ ನಾನು ಮೂರನೇ ಕ್ಲಾಸಿಗೇ ಪಕ್ಕವಾದ್ಯದವಳಾದೆ. ಅಪ್ಪ ಹಳೇ ನೂಲಿನ ಸೀರೆಯಲ್ಲಿ ಸುತ್ತಿದ ತಂಬೂರಿಯನ್ನು ಮಗುವಿನ ಹಾಗೆ ಹೆಗಲಿಗೆ ಒರಗಿಸಿಕೊಂಡು ಎಲೆಕ್ಟ್ರಿಕ್ ರೈಲು ಹತ್ತುತ್ತಿದ್ದರು. ಜನಸಂದಣಿಯಲ್ಲಿ ಪೆಟ್ಟಾದೀತೆಂದು ನಾವು ಹೋಗುತ್ತಿದ್ದದ್ದು ವ್ಯಾಪಾರಿಗಳ ಡಬ್ಬಿಯಲ್ಲಿ. ಒಂದು ಕಡೆ ಹೂವಿನ ಬುಟ್ಟಿ, ಇನ್ನೊಂದು ಕಡೆ ಮೀನಿನ ಬುಟ್ಟಿ, ನಡುವೆ ನನ್ನ ರೇಷ್ಮೆ ಲಂಗ. ಯಾವಳಾದರೂ ಹೂವಿನವಳು ಕೇಳಿಯೇ ಕೇಳುತ್ತಿದ್ದಳು.

"ಎನ್ನ ಸಾರ್, ವೀಣೆಯಾ?"

"ವೀಣೆ ಇಲ್ಲೆಮ್ಮಾ, ತಂಬೂರಾ," ಎಂದು ಅಪ್ಪ ಪ್ರತಿಸಲವೂ ಬೇಸರವಿಲ್ಲದೆ ತಿದ್ದುತ್ತಿದ್ದರು. ನನಗೋ ಆ ಡಬ್ಬಿಯಲ್ಲೇ ಕಣ್ಣು ತುಂಬಿಕೊಳ್ಳುತ್ತಿತ್ತು.

ತಂಬೂರಿ ಮೀಟುವುದೆಂದರೆ ಏನು ಮಹಾ, ನಾಲ್ಕು ತಂತಿ ಅಂದುಕೊಳ್ಳಬೇಡಿ. ಬುರುಡೆಯನ್ನು ತೊಡೆಯ ಮೇಲೆ ಹೊತ್ತು, ದಂಡಿಯನ್ನು ನೆಟ್ಟಗೆ ಹಿಡಿದು, ಎರಡೂವರೆ ಮೂರು ಗಂಟೆ ಕಲ್ಲಿನ ಹಾಗೆ ಕೂರಬೇಕು. ಕೆಮ್ಮಬಾರದು, ಆಕಳಿಸಬಾರದು, ಸೊಳ್ಳೆ ಕಚ್ಚಿದರೆ ಕೆರೆಯಬಾರದು. ತಾಳ ಹಾಕಬಾರದು, ತಲೆದೂಗಬಾರದು. ಮಧ್ಯದಲ್ಲಿ ಎದ್ದು ಹೋಗುವ ಮಾತೇ ಇಲ್ಲ. ಅದಕ್ಕೆಂದೇ ಮಧ್ಯಾಹ್ನದ ಮೇಲೆ ನನಗೆ ನೀರೂ ಇಲ್ಲ. ಮುಖ್ಯವಾಗಿ ಬಾಯಿ ತೆರೆಯಬಾರದು. ಕಾಲು ಮೊದಲು ಜೋಮು ಹಿಡಿಯುತ್ತಿತ್ತು, ಆಮೇಲೆ ಉರಿಯುತ್ತಿತ್ತು, ಆಮೇಲೆ ಕಾಲು ಇದೆಯೆಂಬುದೇ ಮರೆತುಹೋಗುತ್ತಿತ್ತು. ಹಾಡುವವರ ಮುಖ ನನಗೆಂದೂ ಕಾಣುತ್ತಿರಲಿಲ್ಲ. ಆ ಕಾಲದ ಎಷ್ಟೋ ಗಾಯಕರನ್ನು ಇವತ್ತಿಗೂ ನಾನು ಬೆನ್ನಿನಿಂದ ಗುರುತು ಹಿಡಿಯಬಲ್ಲೆ.

ಆ ವರ್ಷ ನಾನು ಆರನೇ ಕ್ಲಾಸು. ನನ್ನ ಗೆಳತಿ ಅನಿತಾಳ ಮನೆಯವರು ರಜೆಯಲ್ಲಿ ಬೆಸೆಂಟ್ ನಗರದ ಬೀಚಿಗೆ ಹೊರಟಿದ್ದರು. ಬೀದಿಯ ಹುಡುಗಿಯರೆಲ್ಲ ಅವರ ಜೊತೆ. "ನೀ ವರಲಿಯಾಡೀ?" ನೀನು ಬರಲ್ವೇನೇ ಎಂದು ಅವಳು ಕೇಳಿದಾಗ ಅಪ್ಪನ ಮುಂದೆ ಹೋಗಿ ನಿಂತೆ.

"ಅಪ್ಪಾ, ಒಂದೇ ಒಂದು ದಿನ. ಪ್ಲೀಸ್‌ಪಾ."

"ನೀನಿಲ್ದೆ ಹೋದ್ರೆ ತಂಬೂರಿಗೆ ಇನ್ಯಾರಿದಾರೆ ಪುಟ್ಟೀ? ಸಭಾದ ಉಸಿರೇ ನೀನು."

ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಅಪ್ಪ ಹೊಗಳಿಯೇ ಕಟ್ಟಿಹಾಕುತ್ತಿದ್ದರು. ಸೇವೆ ಅನ್ನುವ ಮಾತು ನಮ್ಮ ಮನೆಯಲ್ಲಿ ಉಪ್ಪಿನಷ್ಟು ಬಳಕೆಯಲ್ಲಿತ್ತು, ನನಗೆ ಆ ಮಾತು ಕೇಳಿದರೇ ಮೈಯುರಿ. ಅನಿತಾ ಸಮುದ್ರದಿಂದ ಕಪ್ಪೆಚಿಪ್ಪು ತಂದುಕೊಟ್ಟಳು. ನಾನು ಅದನ್ನು ಚರಂಡಿಗೆ ಎಸೆದೆ.

ಅಪ್ಪನದು ಎರಡು ನಿಯಮ. ಸಭಾದ ಮಟ್ಟಿಗೆ ಅವು ವೇದವಾಕ್ಯ. ಮೊದಲನೆಯದು, ನಡೆಸುವವರ ಮನೆಯವರು ಯಾರೂ ಆ ವೇದಿಕೆಯಲ್ಲಿ ಹಾಡುವಂತಿಲ್ಲ. ಹಿಂದೆ ಅವರಿದ್ದ ಇನ್ನೊಂದು ಸಭಾದಲ್ಲಿ ಒಬ್ಬರ ಮಗಳು, ಇನ್ನೊಬ್ಬರ ನಾದಿನಿ, ಮತ್ತೊಬ್ಬರ ಷಡ್ಡಕ ಅಂತ ಎಲ್ಲರೂ ಹಾಡಿ ಹಾಡಿ, ಕೇಳುವವರು ಕಾಲ್ತೆಗೆದು, ಅದು ಮುಚ್ಚಿಯೇ ಹೋಗಿತ್ತಂತೆ. "ಬಡಿಸೋನು ನಮ್ಮೋನಾದ್ರೆ ಅಂತ ಜನ ಆಡ್ಕೋಬಾರ್ದು," ಎನ್ನುತ್ತಿದ್ದರು. ತಂಬೂರಿ ಮೀಟುವುದು ಹಾಡುವುದಲ್ಲವಾದ್ದರಿಂದ ನನಗೆ ಬಿಡುಗಡೆ ಇರಲಿಲ್ಲ. ಎರಡನೆಯದು, ಮಂಗಳ. ಕಚೇರಿಯ ಕೊನೆಗೆ ಹಾಡುವ ಮಂಗಳದವರೆಗೆ ಯಾರೂ ಏಳಬಾರದು, ಮಂಗಳವಾದ ಮೇಲೆ ಆ ದಿನ ಆ ವೇದಿಕೆಯಲ್ಲಿ ಇನ್ನೊಂದು ಸ್ವರ ಏಳಬಾರದು. ಬೇರೆ ಸಭೆಗಳಲ್ಲಿ ಜನ ಚಪ್ಪಾಳೆ ತಟ್ಟಿ ಇನ್ನೊಂದು ಹಾಡಿಸುತ್ತಿದ್ದರು. ನಮ್ಮಲ್ಲಿ ಅದು ನಡೆಯುತ್ತಿರಲಿಲ್ಲ.

ಅಮ್ಮ ಎಲ್ಲಿದ್ದಳು ಅಂತೀರಾ? ಹಾಲ್‌ನ ಹಿಂದಿನ ವೆರಾಂಡದಲ್ಲಿ, ಸೀಮೆಎಣ್ಣೆ ಪಂಪ್ ಸ್ಟೌವಿನ ಮುಂದೆ. ನಮ್ಮ ಸಭಾದ ಸಂಗೀತಕ್ಕಿಂತ ಬಿಸಿಬೇಳೆಬಾತು ಹೆಚ್ಚು ಹೆಸರುವಾಸಿ. ಮಾಂಬಲಂನ ತಮಿಳು ಮಾಮಾ ಮಾಮಿಯರು ಅದರ ವಾಸನೆ ಹಿಡಿದೇ ಮೆಟ್ಟಿಲು ಹತ್ತುತ್ತಿದ್ದರು. ಅಪ್ಪ ಬೆಳಿಗ್ಗೆ ಕೋಯಂಬೇಡಿಗೆ ಹೋಗಿ ತರಕಾರಿ ಮೂಟೆ ತಂದರೆ, ಅಮ್ಮ ಮನೆಯಲ್ಲೇ ಹೆಚ್ಚಿ, ಪುಡಿ ಹುರಿದು, ಸಂಜೆ ಅಲ್ಲಿ ಬೇಯಿಸುತ್ತಿದ್ದಳು. ಹಾಡುವವರಿಗೆ ಕಾಫಿಯೂ ಅವಳದೇ. ಮದುವೆಯಾಗುವವರೆಗೂ ಕೂತು ಸಂಗೀತ ಕಲಿತವಳು ಕಚೇರಿಯನ್ನು ಸ್ಟೌವಿನ ಭೋರ್ಗರೆತದ ಆಚೆಯಿಂದ ಕೇಳುತ್ತಿದ್ದಳು. ವಾಪಸು ರೈಲಿನಲ್ಲಿ ನಾನು, "ಅಮ್ಮಾ, ಇವತ್ತು ಹೇಗಿತ್ತು?" ಅಂದರೆ, "ಆಲಾಪನೆ ಕೇಳಿದೆ. ಆಮೇಲೆ ಒಗ್ಗರಣೆ," ಎನ್ನುತ್ತಿದ್ದಳು. ಗಂಡಸರು ಹಾಡುವ ದಿನ ತಂಬೂರಿಯ ತಂತಿ ಸಡಿಲಿಸಿ ಶ್ರುತಿ ಇಳಿಸಬೇಕಾಗಿತ್ತು. ಆಗ ಅದು ನೆಗಡಿ ಹಿಡಿದವರ ಹಾಗೆ ಗೊರಗೊರ ಎನ್ನುತ್ತಿತ್ತು. ಅದೊಂದನ್ನು ಮಾತ್ರ ಅವಳಿಗೆ ಸಹಿಸಲಾಗುತ್ತಿರಲಿಲ್ಲ. "ಹೆಂಗಸರ ತಂಬೂರಿ ಕಣ್ರೀ ಅದು," ಎಂದು ಮುಖ ಕಿವುಚುತ್ತಿದ್ದಳು.

ಅವಳು ಹಾಡಬಲ್ಲಳು ಎಂಬುದು ನನಗೆ ಗೊತ್ತೇ ಇರಲಿಲ್ಲ ಎಂದರೆ ಸುಳ್ಳಾದೀತು. ಅಕ್ಕಿ ಆರಿಸುವಾಗ, ದೇವರ ಮುಂದೆ ದೀಪ ಹಚ್ಚುವಾಗ ಏನೋ ಗುನುಗುತ್ತಿದ್ದಳು. ಅಮ್ಮಂದಿರ ಮೈಗೆ ಅಡುಗೆಮನೆಯ ವಾಸನೆ ಇದ್ದ ಹಾಗೆ ಅದೂ ಒಂದು ಅಂದುಕೊಂಡಿದ್ದೆ. ಅದನ್ನು ಹಾಡು ಅಂತ ಮೊದಲು ಹೇಳಿದವರು ಮೂರ್ತಿ ಮಾಮ. ಅವರು ನಮ್ಮ ಸಭಾದ ಅಧ್ಯಕ್ಷರು, ಬ್ಯಾಂಕಿನಿಂದ ನಿವೃತ್ತರಾದವರು, ಎಲ್ಲರಿಗಿಂತ ಹಿರಿಯರು. ಒಂದು ಬೆಳಿಗ್ಗೆ ಯಾವುದೋ ಕೆಲಸಕ್ಕೆ ನಮ್ಮ ಮನೆಗೆ ಬಂದವರು ಮೆಟ್ಟಿಲ ಮೇಲೇ ನಿಂತುಬಿಟ್ಟಿದ್ದರು. ನಾನು ಹಾಲು ತರಲು ಹೊರಗೆ ಬಂದರೆ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಸುಮ್ಮನಾಗಿಸಿದರು. ಒಳಗೆ ಅಮ್ಮ ಕಾಂಬೋಧಿ ರಾಗದಲ್ಲಿ ಒಂದು ದೇವರನಾಮ ಹಾಡಿಕೊಳ್ಳುತ್ತ ಹುಳಿಪುಡಿಗೆ ಮೆಣಸಿನಕಾಯಿ ಹುರಿಯುತ್ತಿದ್ದಳು. ಘಾಟಿಗೆ ನನಗೆ ಕೆಮ್ಮು ಬಂತು. ಮಾಮನ ಕಣ್ಣಲ್ಲೂ ನೀರಿತ್ತು, ಅದು ಘಾಟಿನದಲ್ಲ.

ಅವತ್ತೇ ಅಪ್ಪನನ್ನು ಕೂರಿಸಿಕೊಂಡು ಮಾತಿಗೆ ತೆಗೆದರು.

"ಕಡೇ ದಿನ ಬೆಂಗಳೂರಿಂದ ಬರ್ತಾರಲ್ಲಪ್ಪ ಆಯಮ್ಮ, ಅವರ ಕಚೇರಿಗೆ ಮುಂಚೆ ಅರ್ಧ ಗಂಟೆ ನಿಮ್ಮನೆಯವರು ಹಾಡ್ಲಿ."

"ನಿಯಮ ಅಂದ್ಮೇಲೆ ನಿಯಮ ಸಾರ್. ನಾಳೆ ನಮ್ ಕಮಿಟಿ ರಾಯರು ತಮ್ಮ ಭಾವಮೈದುನನ್ನ ಕರ್ಕೊಂಡ್ಬರ್ತಾರೆ."

"ನಿಯಮ ಮಾಡಿದ್ದು ಕೆಟ್ಟದಾಗಿ ಹಾಡೋರಿಗೆ ಕಣಯ್ಯಾ! ಮನೇಲಿ ಇಂಥ ಗಂಟಲು ಇಟ್ಕೊಂಡು ಊರೋರ್ನೆಲ್ಲ ಹಾಡಿಸ್ತೀಯಲ್ಲ, ನಿನ್ ಕಿವಿ ಎಲ್ಲಿಟ್ಟಿದೀಯ?"

ಅಮ್ಮ ಅಡುಗೆಮನೆ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದಳು. ಅಪ್ಪ ಅವಳ ಕಡೆ ತಿರುಗಿ, ಮದುವೆಯಾದ ಇಷ್ಟು ವರ್ಷಕ್ಕೆ ಮೊದಲ ಸಲ ಇರಬೇಕು, ಕೇಳಿದರು.

"ಹಾಡ್ತೀಯೇನೇ?"

ಬೇಡ ಅನ್ನುತ್ತಾಳೆ ಅಂದುಕೊಂಡೆ. ಅಮ್ಮಂದಿರು ಮೊದಲು ಬೇಡ ಅನ್ನುವುದೇ ವಾಡಿಕೆ. ಅವಳು ಅನ್ನಲಿಲ್ಲ. "ಹಾಡ್ತೀನಿ," ಎಂದಳು. ಎಷ್ಟು ಬೇಗ ಅಂದಳೆಂದರೆ ಅಪ್ಪನಿಗೇ ಕಸಿವಿಸಿಯಾಯಿತು.

ಆಮೇಲಿನ ಬೆಳಗುಗಳು ನನ್ನ ಬಾಲ್ಯದಲ್ಲೇ ಅತ್ಯಂತ ಒಳ್ಳೆಯವು. ಮಾರ್ಗಳಿಯ, ಅಂದರೆ ನಮ್ಮ ಧನುರ್ಮಾಸದ, ಚಳಿ ಅಂತ ಚೆನ್ನೈಯವರು ಹೆಮ್ಮೆಪಡುವ ಆ ಒಂದಿಷ್ಟು ತಂಪು, ಬೀದಿಯಲ್ಲಿ ರಂಗೋಲಿ ಹಾಕಲು ನೀರು ಚೆಲ್ಲಿದ ಮಣ್ಣಿನ ವಾಸನೆ, ಸ್ಟೌವಿನ ಮೇಲೆ ಹಾಲು. ಅಮ್ಮ ತಂಬೂರಿ ಬಿಚ್ಚಿ ತಾನೇ ಶ್ರುತಿ ಮಾಡುತ್ತಿದ್ದಳು. ತಂತಿಯ ಅಡಿಗೆ ನೂಲಿನ ಎಳೆ ಸಿಕ್ಕಿಸಿ, ಒಂದು ಕೂದಲಷ್ಟು ಆಚೆ ಈಚೆ ಜರುಗಿಸುತ್ತ, ನಾದ ಅರಳುವ ಜಾಗ ಹುಡುಕುತ್ತಿದ್ದಳು. ಅಷ್ಟು ವರ್ಷ ಅದನ್ನು ಹೊತ್ತ ನನಗೆ ಅದರೊಳಗೆ ಅಂಥ ದನಿಯಿದೆ ಎಂದು ಆಗಲೇ ತಿಳಿದದ್ದು.

ನಾನು ಅಭ್ಯಾಸಬಲದಿಂದ ಅವಳ ಹಿಂದೆ ಹೋಗಿ ಕೂತೆ.

"ಅಲ್ಲೇನೇ ಬೆನ್ನು ನೋಡ್ತೀಯ? ಎದುರಿಗೆ ಬಾ," ಎಂದಳು. "ತಂತೀನ ಎಳೀಬೇಡ ಕಣೇ, ಸವರು. ಬೆಕ್ಕಿನ ಬೆನ್ನು ಸವರ್ತೀವಲ್ಲ, ಹಾಗೆ."

ಹಾಡುವವರ ಮುಖವನ್ನು ನಾನು ಮೊದಲು ನೋಡಿದ್ದು ಆಗ. ಮೇಲಿನ ಸ್ವರಕ್ಕೆ ಹೋಗುವಾಗ ಅವಳ ಹುಬ್ಬು ಸ್ವಲ್ಪ ಏಳುತ್ತಿತ್ತು, ಅಲ್ಲಿ ನಿಂತಾಗ ಮುಖ ಚಿಕ್ಕ ಹುಡುಗಿಯದಾಗುತ್ತಿತ್ತು. ಅದೇ ತಂಬೂರಿ, ಅದೇ ಜೋಮು ಹಿಡಿಯುವ ಕಾಲು. ಆದರೂ ಏಳಬೇಕು ಅನ್ನಿಸುತ್ತಿರಲಿಲ್ಲ. ಅಪ್ಪ ಅಷ್ಟು ಹೊತ್ತಿಗೆ ಕೋಯಂಬೇಡಿನಲ್ಲಿ ಕುಂಬಳಕಾಯಿ ಆರಿಸುತ್ತಿದ್ದರು. ಆ ಹಾಡನ್ನು ಪೂರ್ತಿಯಾಗಿ ಕೇಳಿದವಳು ಊರಲ್ಲೆಲ್ಲ ನಾನೊಬ್ಬಳೇ.

"ಎದೆ ಢವಢವ ಅನ್ನುತ್ತೆ ಪುಟ್ಟಿ. ಮರ್ತುಹೋದ್ರೆ?"

"ಮರೆಯಲ್ಲ. ನಾನು ಹಿಂದೇನೇ ಇರ್ತೀನಲ್ಲ," ಎಂದೆ. ಸಭಾಕ್ಕೆ ಹೋಗಲು ನಾನು ದಿನ ಎಣಿಸಿದ್ದು ಅದೇ ಮೊದಲು.

ಕೊನೆಯ ದಿನ ಬಂತು. ಬಿಸಿಬೇಳೆಬಾತನ್ನು ರಾಯರ ಹೆಂಡತಿ ಶಾರದಕ್ಕನಿಗೆ ವಹಿಸಿ ಅಮ್ಮ ತನ್ನ ಮದುವೆಯ ರೇಷ್ಮೆ ಸೀರೆ ಉಟ್ಟಳು. ನುಸಿಗುಳಿಗೆಯ ವಾಸನೆ ಹೋಗಲೆಂದು ಹಿಂದಿನ ದಿನವೇ ಗಾಳಿಗೆ ಹಾಕಿದ್ದಳು, ಆದರೂ ಸ್ವಲ್ಪ ಉಳಿದಿತ್ತು. ಮೀನಿನ ಬುಟ್ಟಿಯ ಡಬ್ಬಿಯಲ್ಲಿ ನಾವು ಮೂವರೂ ನಿಂತು ಹೋದೆವು. ಹಾಲ್‌ನ ಮೆಟ್ಟಿಲ ಬಳಿ ರಾಯರು ಕೈ ಹೊಸೆಯುತ್ತ ನಿಂತಿದ್ದರು. ವಿಮಾ ಕಂಪನಿಯಲ್ಲಿ ಕೆಲಸ, ನಮ್ಮಲ್ಲಿ ವೇದಿಕೆಯ ಉಸ್ತುವಾರಿ. ಅವರು ಕೈ ಹೊಸೆದರೆ ಏನೋ ಕೆಟ್ಟ ಸುದ್ದಿಯೇ.

"ಬೆಂಗಳೂರಿನವರು ಆಗ್ಲೇ ಬಂದುಬಿಟ್ಟಿದಾರೆ. ರಾತ್ರಿ ಮೈಲಿಗೆ ವಾಪಸ್ ಹೋಗ್ಬೇಕಂತೆ. ಈಗ್ಲೇ ಶುರು ಮಾಡ್ತೀನಿ ಅಂತಾರೆ." ಆಮೇಲೆ ಅಮ್ಮನ ಕಡೆ ತಿರುಗಿದರು. "ಅಮ್ಮಾ, ತಾವು ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕು. ಅವರಾದ್ಮೇಲೆ ಹಾಡಿಬಿಡಿ. ಮಂಗಳಾನೂ ನಿಮ್ದೇ. ಅದೂ ಒಂದು ಮರ್ಯಾದೇನೇ ಅಲ್ವೇ?"

ಹಿರಿಯರು ಹಾಡಿದ ಮೇಲೆ ಕಿರಿಯರು ಹಾಡುವುದು ಪದ್ಧತಿಯಲ್ಲ. ಆದರೆ ರೈಲು ಯಾರ ಪದ್ಧತಿ ಕೇಳುತ್ತದೆ? ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ನೆಲ ನೋಡಿದರು. ಇಂಥ ಸಭಾಗಳಲ್ಲಿ ಅಡ್ಜಸ್ಟ್ ಆಗುವವರು ಯಾವಾಗಲೂ ಮನೆಯವರೇ.

"ಆಯ್ತು, ಆಮೇಲೆ ಹಾಡ್ತೀನಿ," ಎಂದಳು ಅಮ್ಮ.

"ಹಾಗಾದ್ರೆ ಮಂಗಳ ಹಾಡೋದು ಬೇಡ ಅಂತ ಅವರಿಗೆ ಮೊದ್ಲೇ ತಿಳಿಸಿಬಿಡಿ," ಎಂದು ಅಪ್ಪ ಯಾರಿಗೆಂದು ಹೇಳದೆ ಎಲ್ಲರಿಗೂ ಹೇಳಿ ಮೈಕು ನೋಡಲು ಓಡಿದರು. ಅಷ್ಟರಲ್ಲಿ ವೆರಾಂಡದಿಂದ ಶಾರದಕ್ಕನ ಕೂಗು, ವಿದುಷಿಯವರಿಗೆ ಕಾಫಿ ಬೇಕಂತೆ, ಡಿಕಾಕ್ಷನ್ ಇಳಿದಿಲ್ಲ. ಅಮ್ಮ ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸ್ಟೌವಿನ ಕಡೆ ನಡೆದಳು.

ನಾನು ವೇದಿಕೆಯಲ್ಲಿ ನನ್ನ ಜಾಗದಲ್ಲಿ ಕೂತೆ. ವಿದುಷಿಯವರು ಪಕ್ಕವಾದ್ಯದವರೊಡನೆ ತಮಿಳಿನಲ್ಲಿ ಮಾತಾಡುತ್ತ ಬಂದರು. ಗುಂಡು ಬೆನ್ನು, ಹಸಿರು ರವಿಕೆ, ಕನಕಾಂಬರದ ದಂಡೆ. ಬಲಮೊಣಕಾಲಿನ ಪಕ್ಕ ಒಂದು ಪುಟ್ಟ ಪೆಟ್ಟಿಗೆ ಇಟ್ಟುಕೊಂಡು ಅದರ ಗುಂಡಿ ತಿರುಗಿಸಿದರು. ರೇಡಿಯೋ ಇರಬೇಕು ಅಂದುಕೊಂಡೆ. ಅದರ ಸಣ್ಣ ಗುಂಯ್‌ಗುಟ್ಟುವಿಕೆ ನನ್ನ ತಂಬೂರಿಯ ನಾದದಲ್ಲಿ ಕಲೆತುಹೋಯಿತು. ಕೈಗಡಿಯಾರ ಬಿಚ್ಚಿ ಎದುರಿಗಿಟ್ಟು ಹಾಡತೊಡಗಿದರು. ಚೆನ್ನಾಗಿಯೇ ಹಾಡಿದರು, ಅದನ್ನು ಇಲ್ಲ ಅನ್ನಲಾರೆ. ನನಗೆ ಮಾತ್ರ ಅವರು ಯಾವಾಗ ಮುಗಿಸುತ್ತಾರೆ ಎಂಬುದೊಂದೇ ಯೋಚನೆ. ಜನ ಕಿಕ್ಕಿರಿದಿದ್ದರು. ಇವರೆಲ್ಲ ಅಮ್ಮನನ್ನು ಕೇಳುತ್ತಾರೆ ಎಂದು ಕೂತಲ್ಲೇ ತಲೆ ಎಣಿಸತೊಡಗಿದೆ.

ಕೊನೆಕೊನೆಯ ಹಾಡುಗಳು ಬಂದವು. ಅಮ್ಮ ಪಕ್ಕದ ಬಾಗಿಲಿಗೆ ಬಂದು ನಿಂತಳು. ಮುಖ ತೊಳೆದು ಹೊಸದಾಗಿ ಕುಂಕುಮ ಇಟ್ಟುಕೊಂಡಿದ್ದಳು, ಸೆರಗು ಬಿಚ್ಚಿ ಸರಿಮಾಡಿಕೊಂಡಿದ್ದಳು. ತುಟಿ ಸಣ್ಣಗೆ ಅಲುಗುತ್ತಿತ್ತು. ಪಲ್ಲವಿ ನೆನೆಸಿಕೊಳ್ಳುತ್ತಿದ್ದಾಳೆಂದು ನನಗೆ ಅಲ್ಲಿಂದಲೇ ಗೊತ್ತಾಯಿತು.

ಆಗ ವಿದುಷಿಯವರು ಎದುರಿಗಿದ್ದ ಗಡಿಯಾರ ಎತ್ತಿ ಕೈಗೆ ಕಟ್ಟಿಕೊಂಡರು.

ಬೆನ್ನಿನಿಂದಲೇ ಸಂಗೀತ ಕಲಿತ ನನಗೆ ಆ ಗುರುತು ಗೊತ್ತು. ಮಂಗಳಕ್ಕೆ ಮುಂಚೆ ಎಲ್ಲರೂ ಗಡಿಯಾರ ಕಟ್ಟಿಕೊಳ್ಳುತ್ತಾರೆ. ಅಪ್ಪನ ಕಡೆ ನೋಡಿದೆ. ಅಪ್ಪ ಬಾಗಿಲಲ್ಲಿ ಕತ್ತು ಉದ್ದ ಮಾಡಿ ಮೂರ್ತಿ ಮಾಮನನ್ನು ನೋಡುತ್ತಿದ್ದರು. ಮಾಮ ಮುಂದಿನ ಸಾಲಿನಿಂದ ಹಿಂತಿರುಗಿ ರಾಯರನ್ನು ನೋಡುತ್ತಿದ್ದರು. ಸ್ವಿಚ್ಚಿನ ಹತ್ತಿರ ನಿಂತಿದ್ದ ರಾಯರು ಅಪ್ಪನನ್ನು ನೋಡುತ್ತಿದ್ದರು. ಯಾರೂ ಹೇಳಿರಲಿಲ್ಲ. ಒಬ್ಬರು ಹೇಳಿದ್ದಾರೆಂದು ಇನ್ನೊಬ್ಬರು ನಂಬಿದ್ದರು.

ವಿದುಷಿಯವರಿಗೆ ಅತ್ಯಂತ ಹತ್ತಿರ ಇದ್ದವಳು ನಾನು. ಕೈ ಚಾಚಿದರೆ ಕನಕಾಂಬರ ಸಿಗುತ್ತಿತ್ತು. ತಂಬೂರಿಯವಳು ಬಾಯಿ ತೆರೆಯಬಾರದು. ತೆರೆದೆ. "ಮಾಮೀ, ಮಂಗಳಂ ವೇಂಡಾಂ! ಅಮ್ಮಾ ಪಾಡಣುಂ!" ಮಂಗಳ ಬೇಡ, ಅಮ್ಮ ಹಾಡಬೇಕು ಎಂದೆ. ಮೃದಂಗದವರು ಆಗತಾನೇ ಹಿಂದಿನ ಹಾಡಿಗೆ ಜೋರಾಗಿ ಮುಕ್ತಾಯ ಬಾರಿಸುತ್ತಿದ್ದರು, ಜನ ಚಪ್ಪಾಳೆ ತಟ್ಟುತ್ತಿದ್ದರು. ನನ್ನ ದನಿ ನನಗೇ ಕೇಳಲಿಲ್ಲ. ಆ ಬೆನ್ನು ಕದಲಲಿಲ್ಲ. ಮಂಗಳದ ಮೊದಲ ಸ್ವರ ಎದ್ದಿತು.

ನನ್ನ ಹತ್ತಿರ ಉಳಿದಿದ್ದದ್ದು ಒಂದೇ. ಬೆರಳು ಎತ್ತಿಬಿಟ್ಟೆ. ಸಭಾದ ಉಸಿರು ನಾನೇ ಅಲ್ಲವೇ? ಶ್ರುತಿ ನಿಂತರೆ ಹಾಡು ನಿಲ್ಲಲೇಬೇಕು, ಅವರು ಹಿಂತಿರುಗಿ ನೋಡಲೇಬೇಕು, ಆಗ ಹೇಳುತ್ತೇನೆ ಅಂದುಕೊಂಡೆ. ಏನೂ ನಿಲ್ಲಲಿಲ್ಲ. ಅವರ ಮೊಣಕಾಲಿನ ಪಕ್ಕದ ಪೆಟ್ಟಿಗೆ ತನ್ನ ಪಾಡಿಗೆ ಶ್ರುತಿ ಹಿಡಿದಿತ್ತು. ಮೈಕಿಗೆ ಅದೇ ಹತ್ತಿರ. ನಾನು ಸುಮ್ಮನಾದದ್ದು ಹಾಲ್‌ನಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಕೆಲವರು ಎದ್ದು ನಿಂತರು, ಕೆಲವರು ಚಪ್ಪಲಿ ಬಿಟ್ಟ ಕಡೆ ಕಣ್ಣು ಹಾಯಿಸಿದರು. ಬಾಗಿಲಲ್ಲಿ ಅಮ್ಮ ಎಲ್ಲರ ಹಾಗೆ ಕಣ್ಣು ಮುಚ್ಚಿ ಕೈಮುಗಿದಳು. ಅವಳ ತುಟಿ ಅಲುಗುವುದು ನಿಂತಿತ್ತು.

ಮುಗಿದ ಮೇಲೆ ವಿದುಷಿಯವರು ನನ್ನ ಕೆನ್ನೆ ತಟ್ಟಿ, "ರೊಂಬ ನಲ್ಲಾ ವಾಸಿಚ್ಚೆ ಕಣ್ಣಾ. ಕೊಂಜಂಕೂಡ ಅಸಂಗಲೆ," ಎಂದರು. ತುಂಬ ಚೆನ್ನಾಗಿ ನುಡಿಸಿದೆಯಂತೆ, ಒಂಚೂರೂ ಅಲುಗಲಿಲ್ಲವಂತೆ. ಅವರು ಒಳ್ಳೆಯವರೇ. ಪೆಟ್ಟಿಗೆ ಆರಿಸಿ ಚೀಲಕ್ಕೆ ಹಾಕಿಕೊಂಡು ರೈಲಿಗೆ ಹೊರಟರು.

ಜನ ಬಿಸಿಬೇಳೆಬಾತಿನ ಕಡೆ ಹರಿದರು. ಅಪ್ಪ, ಮೂರ್ತಿ ಮಾಮ, ರಾಯರು ಮೂವರೂ ಕಂಬದ ಹತ್ತಿರ ಸೇರಿದರು.

"ಅಧ್ಯಕ್ಷರು ನೀವು, ನೀವೇ ಹೇಳ್ತೀರಿ ಅಂತಿದ್ದೆ," ಎಂದರು ಅಪ್ಪ.

"ಸ್ಟೇಜಿನ ಮಾತು ರಾಯರದ್ದಲ್ವೇನಯ್ಯಾ?"

ರಾಯರು ಅಳುವುದೊಂದು ಬಾಕಿ. "ಅವರ ಮುಂದೆ ಎರಡು ಸಲ ಹೋಗಿ ನಿಂತೆ ಸಾರ್. ಅಷ್ಟು ದೊಡ್ಡೋರಿಗೆ, ಕಡೇ ದಿನ, ಮಂಗಳ ಹಾಡ್ಬೇಡಿ ಅಂತ ಹೇಗೆ ಬಾಯ್ಬಿಡೋದು? ಅಪಶಕುನದ ಮಾತಲ್ವೇ? ಕಾಫಿ ಆಯ್ತಾ ಅಂತ ಕೇಳಿ ಬಂದುಬಿಟ್ಟೆ."

ಅಪ್ಪ ನೇರವಾಗಿ ಅಮ್ಮನ ಹತ್ತಿರ ಬಂದರು. "ಹಾಡು. ಜನ ಇನ್ನೂ ಇಲ್ಲೇ ಇದಾರೆ. ನಾನು ಕೂಗಿ ಕೂರಿಸ್ತೀನಿ. ಹಾಡೇ."

"ಮಂಗಳ ಆಯ್ತಲ್ಲ."

"ಆದ್ರೇನು? ನಾನೇ ಹೇಳ್ತಿದೀನಲ್ಲ."

"ಅದೂ ನೀವೇ ಹೇಳಿದ್ದೇ ಅಲ್ವಾ?" ಎಂದಳು ಅಮ್ಮ. ಕೋಪವಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. "ಶಾರದಕ್ಕ ಒಬ್ರೇ ಬಡಿಸ್ತಿದಾರೆ," ಎಂದು ಸೆರಗು ಸಿಕ್ಕಿಸಿಕೊಂಡಳು.

ನಾನು ವೇದಿಕೆಯಿಂದ ಇಳಿದಿರಲಿಲ್ಲ. ರಾಯರು ಜಮಖಾನೆ ಸುತ್ತಲು ಬಂದು ಏಳು ಮಗು ಅಂದರು. ರಜೆಯುದ್ದಕ್ಕೂ ಅಲ್ಲಿಂದ ಏಳಲು ಹಂಬಲಿಸಿದವಳು ತಂಬೂರಿಯನ್ನು ಎರಡೂ ತೋಳಿನಲ್ಲಿ ಅಪ್ಪಿಕೊಂಡು ಕಿರುಚಿದೆ. "ನಾನು ಏಳಲ್ಲ! ಅಮ್ಮ ಹಾಡೋ ತನಕ ಏಳಲ್ಲ!" ಬಾತಿನ ಎಲೆ ಹಿಡಿದ ಜನ ತಿರುಗಿ ನೋಡಿದರು. ಅಪ್ಪ ಬಂದರೂ ಏಳಲಿಲ್ಲ. ಕೊನೆಗೆ ಅಮ್ಮ ಸೌಟು ಕೆಳಗಿಟ್ಟು ಮೇಲೆ ಬಂದಳು. ನನ್ನ ಎದುರಿಗೆ ಕೂತು ನನ್ನ ಕಾಲನ್ನು ತನ್ನ ಮಡಿಲಿಗೆ ಎಳೆದುಕೊಂಡು ಪಾದ ತಿಕ್ಕತೊಡಗಿದಳು.

"ಜೋಮು ಹಿಡಿದಿದೆ ಅಲ್ವೇನೇ? ಏಳೋಣ ಬಾ, ಸಾಕು," ಎಂದಳು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಅವಳು ಅಳಲಿಲ್ಲ. ಅದು ನನಗೆ ಇನ್ನೂ ಕಷ್ಟವಾಯಿತು.

ಮರುವರ್ಷ ಸಭಾಕ್ಕೂ ಅಂಥದೊಂದು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಬಂತು. ಗುಂಡಿ ತಿರುಗಿಸಿದರೆ ಆಯಿತು, ಅದಕ್ಕೆ ನೀರಡಿಕೆ ಇಲ್ಲ, ಬೀಚಿನ ಆಸೆ ಇಲ್ಲ. ನನಗೆ ಬಿಡುಗಡೆಯಾಯಿತು. ಅನಿತಾಳ ಜೊತೆ ಬೆ‌ಸೆಂಟ್ ನಗರಕ್ಕೆ ಹೋಗಿ ಅಲೆಯಲ್ಲಿ ಕುಣಿದೆ, ಬಟಾಣಿಯ ಸುಂಡಲ್ ತಿಂದೆ, ಖುಷಿಯಾಗಿಯೇ ಇದ್ದೆ. ಮೂರ್ತಿ ಮಾಮ ಅಮ್ಮನನ್ನು ಮತ್ತೆ ಕೇಳಿದರು. ಅದರ ಮುಂದಿನ ವರ್ಷವೂ ಕೇಳಿದರು. "ಮನೆಯವರು ಹಾಡ್ಬಾರ್ದು ಅನ್ನೋದೇ ಸರಿ ಮಾಮ," ಎಂದು ಅವಳು ಅಪ್ಪನ ನಿಯಮವನ್ನೇ ಮುಂದೆ ಹಿಡಿದು ಕಾಫಿ ಕೊಟ್ಟು ಕಳಿಸಿದಳು. ಆ ಮಾತು ಬಂದಾಗಲೆಲ್ಲ ಅಪ್ಪ ಎದ್ದು ಜಗಲಿಗೆ ಹೋಗುತ್ತಿದ್ದರು.

ಸಭಾ ಇನ್ನು ಕೆಲವು ವರ್ಷ ನಡೆಯಿತು. ಒಬ್ಬರಿಗೆ ವರ್ಗ, ಒಬ್ಬರಿಗೆ ಮಂಡಿನೋವು, ಮೂರ್ತಿ ಮಾಮ ಹೋದರು, ಶಾಲೆಯವರು ಆ ಮಹಡಿಯನ್ನು ತರಗತಿಗಳಾಗಿ ಒಡೆದು ಕಟ್ಟಿದರು. ಒಂದು ಡಿಸೆಂಬರಿನಲ್ಲಿ ಕಚೇರಿ ಇರಲಿಲ್ಲ, ಯಾರೂ ಯಾಕೆಂದು ಕೇಳಲಿಲ್ಲ. ಈಗ ಸಂಗೀತ ಬೇಕೆಂದರೆ ಫೋನಿನಲ್ಲಿ ಬೇಕಾದಷ್ಟಿದೆ. ಮಂಗಳಕ್ಕೆ ಮುಂಚೆ ಏಳಬಾರದೆಂದು ಹಿಡಿದು ಕೂರಿಸುವವರು ಯಾರೂ ಇಲ್ಲ. ಆ ಸಭಾದ ಮೇಲೆ ನನಗೆ ಇವತ್ತಿಗೂ ಕೋಪವಿದೆ. ನನ್ನ ರಜೆಗಳನ್ನು ತಿಂದಿತು, ಅಮ್ಮನ ಗಂಟಲನ್ನು ತಿಂದಿತು. ಅದೇ ಸಭಾ ಇಲ್ಲವಲ್ಲ ಎಂದು ಡಿಸೆಂಬರ್ ಬಂದಾಗ ಸಂಕಟವೂ ಆಗುತ್ತದೆ. ಕೂಲಿಯಿಲ್ಲದೆ ಅಷ್ಟು ಜನ ಅಷ್ಟು ವರ್ಷ ಯಾರಿಗೋಸ್ಕರ ಜಮಖಾನೆ ಹಾಸಿದರು ಎಂದು ನನ್ನ ಮಗನಿಗೆ ವಿವರಿಸಲು ಹೋದರೆ ಅವನು ಅದರಿಂದ ಅವರಿಗೇನು ಸಿಕ್ಕಿತು ಎಂದು ತಮಿಳಿನಲ್ಲಿ ಕೇಳಿ ತನ್ನ ಫೋನಿಗೆ ಮರಳುತ್ತಾನೆ.

ಅಪ್ಪ, ಅಮ್ಮ ನನ್ನ ಜೊತೆಯಲ್ಲೇ ಇದ್ದಾರೆ. ಊರಿನ ಗಾಯಕರನ್ನೆಲ್ಲ ಕೇಳಿ ತೂಗಿ ನೋಡಿದ ಅಪ್ಪನ ಕಿವಿ ಈಚೆಗೆ ಪೂರ್ತಿ ಹೋಗಿದೆ. ಮಿಷನ್ ಹಾಕಿದರೆ ಬರೀ ಗದ್ದಲವಂತೆ, ತೆಗೆದಿಟ್ಟಿದ್ದಾರೆ. ಅಮ್ಮ ಈಗ ಮತ್ತೆ ಹಾಡುತ್ತಾಳೆ. ಯಾರೂ ಕೇಳಿಕೊಂಡದ್ದಲ್ಲ, ತರಕಾರಿ ಹೆಚ್ಚುತ್ತ ತನ್ನಷ್ಟಕ್ಕೆ ಹಾಡುತ್ತಾಳೆ. ಉಸಿರು ಸಾಲದೆ ಸಾಲು ನಡುವೆ ಮುರಿಯುತ್ತದೆ, ಮೇಲಿನ ಸ್ವರಕ್ಕೆ ಹೋಗುವುದಿಲ್ಲ. ಅವಳ ತುಟಿ ಅಲುಗುವುದು ಕಂಡರೆ ಸಾಕು, ಅಪ್ಪ ಪೇಪರು ಮಡಿಸಿಟ್ಟು ಕುರ್ಚಿ ಎಳೆದುಕೊಂಡು ಬಂದು ಅಡುಗೆಮನೆ ಬಾಗಿಲಲ್ಲಿ ಕೂರುತ್ತಾರೆ. ಮುಗಿಯುವವರೆಗೂ ಏಳುವುದಿಲ್ಲ. ಆಮೇಲೆ ನನ್ನ ತೋಳು ಹಿಡಿದು ಕೇಳುತ್ತಾರೆ.

"ಹೇಗೆ ಹಾಡ್ತಾಳೆ ಪುಟ್ಟಿ?"

ಗಟ್ಟಿಯಾಗಿ ಹೇಳಬೇಕು, ಇಲ್ಲದಿದ್ದರೆ ಅವರಿಗೆ ಮುಟ್ಟುವುದಿಲ್ಲ. "ತುಂಬ ಚೆನ್ನಾಗಿ ಹಾಡ್ತಾಳಪ್ಪಾ," ಎಂದು ಅಕ್ಕಪಕ್ಕದ ಮನೆಯವರಿಗೆಲ್ಲ ಕೇಳುವ ಹಾಗೆ ಕೂಗಿ ಹೇಳುತ್ತೇನೆ.